ಮಡಮ್ಮನ ಅಜ್ಜಿಯ ಗಾದೆ

ಬೆಳಿಗ್ಗೆ ರಾಮನಗುಳಿಯಲ್ಲಿ ಬೀರಿಯ ತಮ್ಮ ದೇವುವಿನ ಮದುವೆ ಸಾಂಗವಾಗಿ ಮುಗಿದಿತ್ತು. ಮದುಮಗಳು ಶಂಕರಿಯನ್ನು ಕೋಡಿಬಾಗಕ್ಕೆ ಕರೆದೊಯ್ಯುವ ಹೊತ್ತಿಗೆ ಅವಳ ಅಜ್ಜಿ ಗಂಗಿ ಬಾಗಿಲಿಗೆ ಒನಕೆ ಅಡ್ಡ ಹಿಡಿದು ಕೂತುಬಿಟ್ಟಳು. ಆ ಕೇರಿಯ ಪದ್ಧತಿಯೇ ಹಾಗೆ. ಗಂಡಿನ ಅಕ್ಕ ಅರ್ಧ ಗಾದೆ ಹೇಳಬೇಕು, ಹೆಣ್ಣಿನ ಅಜ್ಜಿ ಉಳಿದರ್ಧ ತುಂಬಬೇಕು. ಐದರಲ್ಲಿ ಒಂದಕ್ಕಾದರೂ ಅಜ್ಜಿ ಸೋತರೆ ಹೆಣ್ಣು ಹೊರಡುತ್ತಾಳೆ. ಇಲ್ಲದಿದ್ದರೆ ಮುಂದಿನ ಹುಣ್ಣಿಮೆಯವರೆಗೆ ತವರಿನಲ್ಲೇ. ಗಾದೆ ಯಾರಾದರೊಬ್ಬ ಅಜ್ಜಿಯ ಬಾಯಿಂದ ಬಂದದ್ದಾಗಿರಬೇಕು, ಸ್ವಂತ ಹೊಸೆದದ್ದು ಸಲ್ಲದು.

ನಾಲ್ಕು ಆಗಲೇ ಮಣ್ಣುಪಾಲಾಗಿದ್ದವು. ಬೀರಿ ‘ಗಿಡವಾಗಿ ಬಗ್ಗದ್ದು’ ಎನ್ನುವಷ್ಟರಲ್ಲಿ ಮುದುಕಿ ‘ಮರವಾಗಿ ಬಗ್ಗೀತೇ’ ಎಂದು ಎಲೆಯಡಿಕೆ ಉಗಿದಳು. ಬಾಯಲ್ಲಿ ಹಲ್ಲಿಲ್ಲದಿದ್ದರೇನು, ಗಾದೆಗೆ ಬರವಿರಲಿಲ್ಲ. ಪಾಪ, ತಂದೆತಾಯಿಯಿಲ್ಲದ ಈ ಮೊಮ್ಮಗಳನ್ನು ಬಿಟ್ಟರೆ ಅವಳಿಗಾದರೂ ಇನ್ಯಾರು? ದೇವುವಿನ ಮುಖ ಹುಳ್ಳಗಾಯಿತು.

ಆಗ ಬೀರಿಗೆ ಥಟ್ಟನೆ ಕಾರವಾರದ ಬಂಗಲೆಯ ಮಡಮ್ಮ ನೆನಪಾದಳು. ಬೀರಿ ಅಲ್ಲಿ ಪಾತ್ರೆ ತಿಕ್ಕುವಾಗ ಆ ಐರ್ಲೆಂಡಿನ ಹೆಂಗಸು ಮೆಟ್ಟಿಲ ಮೇಲೆ ಕೂತು, ಹರಕುಮುರುಕು ಕನ್ನಡದಲ್ಲಿ ತನ್ನ ಅಜ್ಜಿಯ ಗಾದೆಗಳನ್ನು ಹೇಳುತ್ತಿದ್ದಳು. ಹಸಿವೇ ಒಳ್ಳೆಯ ಪಲ್ಯ, ಮನಸ್ಸಿನಲ್ಲೇ ಉತ್ತರೆ ಗದ್ದೆ ಉತ್ತಂತಾಗದು, ಹೀಗೆ. ನಮ್ಮ ಕೇರಿಯ ಮುದುಕಿಯರೇ ಮಾತಾಡಿದಂತಿದೆಯಲ್ಲ ಎಂದು ಬೀರಿ ಬೆರಗಾಗುತ್ತಿದ್ದಳು.

“ಜನ ಬದುಕೂದು...” ಎಂದು ಬೀರಿ ನಿಲ್ಲಿಸಿದಳು.

ಅನ್ನದಿಂದ ಎಂದಳು ಗಂಗಿ. ಬೀರಿ ಅಲ್ಲವೆಂದು ತಲೆಯಾಡಿಸಿದಳು. ದೇವರ ದಯೆಯಿಂದ ಎಂದಳು ಮುದುಕಿ. ಅದೂ ಅಲ್ಲ. ಚಪ್ಪರದಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು.

“ಹಂಗಾರೆ ನೀನೇ ಹೇಳು,” ಎಂದಳು ಗಂಗಿ.

“ಒಬ್ಬರ ನೆರಳಲ್ಲಿ ಇನ್ನೊಬ್ಬರು.”

ಇದು ಯಾರ ಅಜ್ಜಿಯದೆಂದು ಗಂಗಿ ಕೇಳಿದಳು. ತನ್ನ ಅಜ್ಜಿಯದೇ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಗಾದೆ ಕದ್ದು ತಮ್ಮನಿಗೆ ಹೆಣ್ಣು ತರುವುದು ಬೀರಿಗೆ ಬೇಡವಾಯಿತು. ಸಮುದ್ರದಾಚೆಯ ಬಿಳಿ ಅಜ್ಜಿಯೊಬ್ಬಳದು ಎಂದು ಹೇಳಿಯೇಬಿಟ್ಟಳು. ಅದು ಸಲ್ಲದು, ಸಲ್ಲದು ಎಂದು ಗದ್ದಲವೆದ್ದಿತು. ಗಂಗಿ ಕೈಯೆತ್ತಿ ಎಲ್ಲರ ಬಾಯಿ ಮುಚ್ಚಿಸಿದಳು.

“ಯಾವ ಊರಾದ್ರೂ ಅಜ್ಜಿ ಅಜ್ಜಿನೇ. ನಾ ಸೋತೆ.”

ಒನಕೆ ಸರಿಯಿತು. ದೇವು ಕುಣಿಯುವುದೊಂದು ಬಾಕಿ. ಬೀರಿ ಮಾತ್ರ ಗೆದ್ದ ಖುಷಿಯ ನಡುವೆಯೇ ಗಂಗಿಯತ್ತ ತಿರುಗಿದಳು. ಮುದುಕಿಗಿದ್ದ ಒಂದೇ ನೆರಳನ್ನು ತಾನು ಒಯ್ಯುತ್ತಿದ್ದೇನಲ್ಲ!

“ಅಜ್ಜಿ, ನೀನೂ ಹೊರಡು,” ಎಂದಳು. “ಗಾದೆ ಹೇಳಿದ್ಮೇಲೆ ಅದರಂಗೆ ನಡೀಬೇಕಲ್ಲ.”

ಗಂಗಿ ಹೆಚ್ಚು ಯೋಚಿಸಲಿಲ್ಲ. ಸೀರೆ ಗಂಟನ್ನು ಕಂಕುಳಲ್ಲಿಟ್ಟುಕೊಂಡು, ಮದುಮಗಳಿಗಿಂತ ಮೊದಲೇ ಗಾಡಿ ಹತ್ತಿ ಕೂತಳು.