ಎಡಗಡೆಯ ಅಂಚು

ಆ ನರ್ಸಮ್ಮನ ಹಸಿರು ಗೌನಿನ ಅಂಚು ಬಿಚ್ಚಿಕೊಂಡಿದೆ, ಗೇಣುದ್ದ ದಾರ ಜೋತಾಡುತ್ತಿದೆ, ಹಿಡಿದು ನಿಲ್ಲಿಸಿ ಎರಡು ಹೊಲಿಗೆ ಹಾಕಿಬಿಡಲೇ ಅನ್ನಿಸುತ್ತದೆ, ಸುಮ್ಮನಿರುವ ಕೈಯಲ್ಲ ನನ್ನದು, ಸುಮ್ಮನಿದ್ದಿದ್ದರೆ ಈ ಬೆಂಚಿನ ಮೇಲೆ ಕೂರುವ ದಿನ ಎರಡು ವರ್ಷ ಮೊದಲೇ ಬಂದು ಹೋಗಿರುತ್ತಿತ್ತು — ಎಂಟೂವರೆಗೆ ಮಗಳನ್ನು ಆ ಆಪರೇಷನ್ ಕೋಣೆಯ ಬಾಗಿಲೊಳಗೆ ತಳ್ಳಿಕೊಂಡು ಹೋದರು, ಈಗ ಹನ್ನೊಂದು ಇಪ್ಪತ್ತು, ಹೋಗುವಾಗಲೂ ಆ ಮೆಣಸು, ಮನೆಯಲ್ಲಿ ಅವಳನ್ನು ಕರೆಯುವುದೇ ಹಾಗೆ, ಹನ್ನೆರಡು ವರ್ಷಕ್ಕೇ ಅಷ್ಟು ಖಾರ, ಅಮ್ಮಾ ಅಳ್ಬೇಡ, ನಿನ್ ಮೂಗು ಕೆಂಪಾದ್ರೆ ನಂಗೆ ನಗು ಬರತ್ತೆ, ಆಮೇಲೆ ಡಾಕ್ಟ್ರು ಸುಮ್ನೆ ನನ್ನ ಬೈತಾರೆ ಅಂದಳು, ಬಾಗಿಲು ಮುಚ್ಚುವವರೆಗೆ ತಡೆದುಕೊಂಡೆ, ಅಷ್ಟೇ. ಇವರು ಪಕ್ಕದಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದಾರೆ, ಬೆಂಚೆಲ್ಲ ನಡುಗುತ್ತಿದೆ, ಸುಮ್ನೆ ಕೂತ್ಕೊಳ್ರೀ ಅಂದರೆ ನಾನೇನ್ ಮಾಡ್ದೆ ಎನ್ನುತ್ತಾರೆ, ನಿಜ, ಇವರೇನೂ ಮಾಡಲಿಲ್ಲ, ಮಾಡಿದ್ದೆಲ್ಲ ನಾನೇ.

ಅವಳಿಗೆ ಒಂಬತ್ತು ತುಂಬಿದಾಗ ಸ್ಕೂಲಿನ ಸ್ಕರ್ಟು ಎಡಗಡೆ ಒಂಚೂರು ಇಳಿಬಿದ್ದಂತೆ ಕಂಡಿತು, ಬಟ್ಟೆ ಜಗ್ಗಿದೆ ಅಂದುಕೊಂಡೆ, ಇಪ್ಪತ್ತು ವರ್ಷ ಮಿಷನ್ ತುಳಿದವಳಿಗೆ ಬೇರೇನು ಹೊಳೆಯುತ್ತದೆ, ಎಡ ಅಂಚನ್ನು ಅರ್ಧ ಇಂಚು ಎತ್ತಿ ಹೊಲಿದೆ, ಮುಂದಿನ ಸ್ಕರ್ಟಿಗೆ ಮುಕ್ಕಾಲು, ಅದರ ಮುಂದಿನದಕ್ಕೆ ಒಂದು, ಬೇರೆ ತಾಯಂದಿರಾಗಿದ್ದರೆ ಅಂಚು ಯಾಕೆ ಸೊಟ್ಟ ಎಂದು ಕೇಳುತ್ತಿದ್ದರು, ನಾನು ಕೇಳಲೇ ಇಲ್ಲ, ಸರಿ ಮಾಡಿಬಿಟ್ಟೆ, ಎಷ್ಟು ಚೆನ್ನಾಗಿ ಸರಿ ಮಾಡಿದೆನೆಂದರೆ ಮಗು ಕನ್ನಡಿ ಮುಂದೆ ನೆಟ್ಟಗೆ ಕಂಡಳು, ಕಾಲುನೋವೆಂದು ತೋರಿಸಿದ ಇಬ್ಬರು ಡಾಕ್ಟರಿಗೂ ನೆಟ್ಟಗೇ ಕಂಡಳು, ಬೆಳೆಯೋ ವಯಸ್ಸಮ್ಮ, ನೋವು ಇದ್ದಿದ್ದೇ ಅಂದರು. ತೊಡೆ ನೋಯತ್ತೆ ಅಮ್ಮ — ಕುಣಿದಿದ್ದು ಜಾಸ್ತಿ ಆಯ್ತು, ಮಲಗು — ಹಾಗೆ ಅಂದ ನನ್ನ ಬಾಯಿಗೆ ಏನು ಹೇಳಲಿ.

ಮೂರನೆಯವರು ಈ ಎಲುಬಿನ ಡಾಕ್ಟರು, ಕಿವಿಯಲ್ಲಿ ಪೊದೆಯಷ್ಟು ಕೂದಲು, ಮಗುವಿನ ಸ್ಕರ್ಟು ತೆಗೆಸಿ ಮಂಚದ ಮೇಲೆ ಮಲಗಿಸಿದವರು ಮಗುವನ್ನು ಬಿಟ್ಟು ಕುರ್ಚಿಯ ಮೇಲಿದ್ದ ಸ್ಕರ್ಟು ಎತ್ತಿಕೊಂಡರು, ಯಾರಮ್ಮ ಇದನ್ನ ಹೊಲಿದಿದ್ದು, ನಾನೇ ಸಾರ್, ಎಡಗಡೆ ಯಾಕೆ ಗಿಡ್ಡ — ಆ ಕ್ಷಣ ಹೊಳೆಯಿತು, ಜಗ್ಗಿದ್ದು ಬಟ್ಟೆಯಲ್ಲ, ಗಿಡ್ಡವಾಗಿದ್ದು ಕಾಲು, ಅವಳ ಬೆನ್ನೂ ಸೊಂಟವೂ ಕಾಲೂ ಒಮ್ಮೆಗೇ ಅರ್ಥವಾದವು. ಎಕ್ಸ್‌ರೇಯಲ್ಲಿ ತೊಡೆಯ ಎಲುಬು ಮೇಲ್ಗಡೆ ಬಾಗಿತ್ತು, ಊರುಗೋಲಿನ ಹಿಡಿಯಂತೆ, ಒಳಗೆಲ್ಲ ಮಬ್ಬು, ಯಾರೂ ಬಾಯಿಬಿಟ್ಟು ಹೇಳದ ಆ ಕೆಟ್ಟ ಹೆಸರು ಕೋಣೆಯಲ್ಲಿತ್ತು, ಅವರು ಬಹಳ ಹೊತ್ತು ನೋಡಿ, ಹಳೇ ಸ್ಕರ್ಟ್ ಏನಾದ್ರೂ ಇಟ್ಟಿದ್ದೀರಾ ಎಂದು ಕೇಳಿದರು. ಇಟ್ಟಿದ್ದೀರಾ ಅಂತೆ! ಚಿಂದಿ ಬಟ್ಟೆಯನ್ನೂ ಬಿಸಾಡದವಳು ನಾನು, ಮಾರನೆಯ ದಿನ ಐದೂ ಸ್ಕರ್ಟು ತಂದು ಅವರ ಮೇಜಿನ ಮೇಲೆ ಸಾಲಾಗಿ ಹಾಸಿದೆ, ನಾನು ಟೇಪು ಹಿಡಿದೆ, ಅವರು ಬರೆದುಕೊಂಡರು, ಅರ್ಧ, ಮುಕ್ಕಾಲು, ಒಂದು, ಒಂದೂಕಾಲು, ಒಂದೂವರೆ, ಮೂರು ವರ್ಷದ ಲೆಕ್ಕ, ಕೆಟ್ಟ ಗಡ್ಡೆ ಇಷ್ಟು ಸಾವಕಾಶವಾಗಿ ಬೆಳೆಯಲ್ಲ ಕಣಮ್ಮ, ಆದ್ರೂ ಒಂದ್ ಚೂರು ತೆಗೆದು ಪರೀಕ್ಷೆಗೆ ಕಳ್ಸೋಣ — ಹತ್ತು ದಿನ, ಆ ಹತ್ತು ದಿನ ನಾನು ಹೊಲಿದ ರವಿಕೆಗಳೆಲ್ಲ ವಾಪಸು ಬಂದವು.

ಪರೀಕ್ಷೆಯಲ್ಲಿ ಬಂದ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ, ಎಲುಬಿರಬೇಕಾದ ಕಡೆ ನಾರು ಬೆಳೆದಿದೆ, ಸಾವಿರಾರು ಮಕ್ಕಳಲ್ಲಿ ಒಬ್ಬರಿಗೆ, ಕೆಟ್ಟದ್ದಲ್ಲ, ಆದ್ರೆ ಬಿಟ್ರೆ ಮುರಿಯತ್ತೆ, ಎಂದು ಕಾಗದದ ಮೇಲೆ ಬರೆದು ತೋರಿಸಿದರು, ಬಾಗಿದ ಕಡೆ ತ್ರಿಕೋನವಾಗಿ ಒಂದು ತುಂಡು ತೆಗೆಯುವುದು, ನೆಟ್ಟಗೆ ಕೂಡಿಸುವುದು, ಒಳಗೆ ಸಲಾಕೆ ತೂರಿಸುವುದು, ಬಟ್ಟೆ ಮೂಲೆಯಾಗಿ ಮಡಿಸಿ ಡಾರ್ಟ್ ಹಿಡಿದು ಲಾಡಿ ಪೋಣಿಸಿದ ಹಾಗೆ ಅಲ್ವಾ ಸಾರ್ ಅಂದೆ, ಹಾಗಿದ್ರೆ ನೀವೇ ಮಾಡ್ಬಿಡಿ ಎಂದು ನಕ್ಕರು, ನಾನು ನಗಲಿಲ್ಲ, ಕಾಲು ಸಮ ಆಗತ್ತಾ, ಕುಂಟ್ತಾಳಾ, ನಾನು ಮೊದಲೇ ಕರ್ಕೊಂಡು ಬಂದಿದ್ರೆ — ಸುಳ್ಳು ಹೇಳಲ್ಲಮ್ಮ, ಬಂದಿದ್ರೆ ಇಷ್ಟು ಬಾಗ್ತಿರ್ಲಿಲ್ಲ, ಸಮ ಆಗತ್ತೋ ಇಲ್ವೋ ಒಳಗೆ ತೆಗೆದು ನೋಡಿದ ಮೇಲೇ ಗೊತ್ತಾಗೋದು. ಆ ಮಾತು ನಲವತ್ತು ದಿನದಿಂದ ಎದೆಯಲ್ಲಿ ಕೂತಿದೆ.

ಬಾಗಿಲು — ಡಾಕ್ಟರೇ, ಮಾಸ್ಕು ಗದ್ದಕ್ಕೆ ಇಳಿದಿದೆ, ಮುಖ ನೋಡಲು ಧೈರ್ಯವಿಲ್ಲ, ಆಯ್ತಮ್ಮ, ಚೆನ್ನಾಗೇ ಆಯ್ತು, ಮೂರು ತಿಂಗಳು ಭಾರ ಹಾಕೋ ಹಾಗಿಲ್ಲ, ವರ್ಷಕ್ಕೊಂದ್ಸಲ ತೋರಿಸ್ತಾ ಇರ್ಬೇಕು, ಇವರು ಅವರ ಕೈ ಹಿಡಿದವರು ಬಿಡುತ್ತಲೇ ಇಲ್ಲ, ಬಿಡ್ರೀ, ಆ ಕೈ ಬೇಕು ಇನ್ನೊಬ್ಬರಿಗೆ. ಒಳಗೆ ಬಿಡುತ್ತಾರೆ ಒಬ್ಬರನ್ನು, ನಾನೇ ಹೋಗುತ್ತೇನೆ, ಮೆಣಸು ಕಣ್ಣು ಅರ್ಧ ತೆರೆದು, ಅಮ್ಮಾ ಮೂಗು ಕೆಂಪು, ಅಂದು ಮತ್ತೆ ಮುಚ್ಚಿಕೊಂಡಳು. ಹೊದಿಕೆ ಗಿಡ್ಡ, ಪಾದ ಎರಡೂ ಆಚೆ ಇವೆ, ಎಡಗಾಲಿನ ಬೆರಳಿಗೆಲ್ಲ ಹಳದಿ ಔಷಧಿ, ಮಂಚದ ತುದಿಗೆ ಬಂದು ನಿಂತೆ, ಎರಡು ಹಿಮ್ಮಡಿ, ಬಿಳಿ ಹಾಸಿನ ಮೇಲೆ, ಒಂದೇ ಗೆರೆಯಲ್ಲಿ. ಇವರಿಗೆ ಹೇಳಬೇಕು, ಮನೆಗೆ ಫೋನು ಮಾಡಬೇಕು, ಕಪಾಟಿನಲ್ಲಿರುವ ಆ ಸ್ಕರ್ಟುಗಳ ಎಡ ಅಂಚನ್ನೆಲ್ಲ ಬಿಚ್ಚಬೇಕು, ಎರಡು ಹಿಮ್ಮಡಿ, ಕಣ್ಣಿನಲ್ಲೇ ಅಳೆದೆ, ಮತ್ತೆ ಅಳೆದೆ, ನರ್ಸಮ್ಮ ಏನೋ ಕೇಳುತ್ತಿದ್ದಾರೆ, ಕೇಳಿಸುತ್ತಿಲ್ಲ, ನೀರು ಯಾವಾಗ ಕೊಡಬಹುದು ಎಂದು ನಾನೇ ಕೇಳಬೇಕಿತ್ತು, ಎರಡು ಹಿಮ್ಮಡಿ, ಒಂದರ ಪಕ್ಕ ಒಂದು, ಒಂದೇ ಗೆರೆಯಲ್ಲಿ, ಒಂದೇ ಸಮ…