ಒಳಗೆ ಬಿಟ್ಟ ಬಟ್ಟೆ

ಟೈಲರಮ್ಮನ ಪರ್ಸಿನಲ್ಲಿ ಸೂಜಿ, ದಾರ, ಪುಟ್ಟ ಕತ್ತರಿ, ಅಳತೆ ಟೇಪು ಯಾವಾಗಲೂ ಇರುತ್ತಿದ್ದವು. ಮಗಳ ಬಾಕ್ಸಿಂಗ್ ಪಂದ್ಯ ನೋಡಲು ಬಂದ ದಿನವೂ ಇದ್ದವು. ಹಾಗಾಗಿಯೇ ಎದುರಾಳಿ ಹುಡುಗಿಯ ಚಡ್ಡಿ ಸೊಂಟದ ಬಳಿ ಪರ್ರೆಂದು ಹರಿದಾಗ ಟೈಲರಮ್ಮನನ್ನೇ ಕರೆದರು.

ಹುಡುಗಿ ಟವೆಲು ಸುತ್ತಿಕೊಂಡು ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ಟೈಲರಮ್ಮ ಅವಳ ಸೊಂಟಕ್ಕೆ ಟೇಪು ಹಿಡಿದು ಅಳತೆ ತೆಗೆದಳು, ಹೊಲಿಗೆ ಬಿಚ್ಚಿ ನೋಡಿದಳು. ಹೊಲಿದವರು ಯಾರೋ ಪುಣ್ಯವಂತರು, ಬೆಳೆಯುವ ಮೈ ಎಂದು ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದರು.

"ನಿನ್ನೆ ಸರಿಯಾಗೇ ಇತ್ತಲ್ಲ? ಒಂದೇ ರಾತ್ರೀಲಿ ಬೆಳೆದುಬಿಟ್ಯಾ ತಾಯಿ?"

"ನಿನ್ನೆ ತೂಕ ಹಾಕೋವಾಗ ಒಣಗಿದ ಮೆಣಸಿನಕಾಯಿ ಥರ ಇದ್ದೆ ಆಂಟಿ. ಊಟ ಇಲ್ಲ, ನೀರಿಲ್ಲ, ಪ್ಲಾಸ್ಟಿಕ್ ಕೋಟು ಹಾಕಿಸಿ ಓಡಿಸಿ ಓಡಿಸಿ ಬೆವರು ಹಿಂಡಿಬಿಟ್ರು. ಮೆಷಿನ್ನಿಂದ ಇಳಿದಿದ್ದೇ ತಡ, ಬಾಯಿ ನಿಂತೇ ಇಲ್ಲ." ಹುಡುಗಿ ನಕ್ಕಳು.

ಟೈಲರಮ್ಮನಿಗೆ ನಗು ಬರಲಿಲ್ಲ. ಮಗಳ ಎಡಹುಬ್ಬು ಹಿಂದಿನ ಪಂದ್ಯದಲ್ಲಿ ಒಡೆದು, ಗಾಯ ಮೊನ್ನೆಮೊನ್ನೆ ಕೂಡಿಕೊಂಡಿತ್ತು. ಆಡಬಹುದು ಎಂದ ಡಾಕ್ಟರು ಬಾಗಿಲ ತನಕ ಬಂದು, "ಸಮತೂಕದವರ ಜೊತೆ ಮಾತ್ರಮ್ಮ. ದೊಡ್ಡ ಮೈಯ ಏಟು ಅಲ್ಲಿಗೆ ಬಿದ್ರೆ ಕಣ್ಣಿಗೇ ಅಪಾಯ" ಎಂದಿದ್ದರು. ಆ ಸಮತೂಕ ಈಗ ಅವಳ ಅಳತೆ ಟೇಪಿನಲ್ಲೇ ಸುಳ್ಳಾಗಿ ಕೂತಿತ್ತು.

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವಳು ಓಡಿದಳು. ಮೇಜಿನ ಹಿಂದಿದ್ದ ಪಂದ್ಯದ ಅಧಿಕಾರಿ ಎದ್ದು ತನ್ನ ಕುರ್ಚಿಯನ್ನೇ ಅವಳಿಗೆ ಕೊಟ್ಟ.

"ಇನ್ನೊಂದ್ಸಲ ತೂಗಿ ಸಾರ್. ಕೈ ಮುಗೀತೀನಿ."

"ನಿನ್ನೆ ತೂಗಿದ್ದೇ ತೂಕಮ್ಮ. ಮೋಸ ಅಲ್ಲ, ನಿಯಮಾನೇ ಹಾಗೆ. ಬೇಡ ಅಂದ್ರೆ ನಿಮ್ಮ ಹುಡುಗೀನೇ ಹಿಂದೆ ಸರೀಬೇಕು."

ಟೈಲರಮ್ಮ ಮಗಳ ಬಳಿ ಹೋಗಿ, ಹಿಂದೆ ಸರಿದುಬಿಡು ಎಂದು ಅತ್ತಳು. ಮಗಳು ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ತೆಳ್ಳಗಿದ್ದುದಕ್ಕೆ ಜೊತೆಯವರು ಅವಳಿಗೆ ಇಟ್ಟ ಹೆಸರು ಕಡ್ಡಿ. "ಸರಿಯೋದಾ? ಅಮ್ಮ, ಅವಳು ಆನೆ ಆಗಿ ಬರಲಿ ಬಿಡು. ಅಳ್ತಾ ನನ್ನೆದುರು ನಿಲ್ಲಬೇಡ, ಕೈ ನಡುಗುತ್ತೆ."

ಟೈಲರಮ್ಮ ಮರಳಿ ಬಂದು ಹೊಲಿಯಲು ಕೂತಳು. ಹೊಲಿಯುತ್ತಿದ್ದಂತೆ ಕೆಟ್ಟ ಯೋಚನೆಯೊಂದು ಕೈಗಿಳಿಯಿತು. ಕೊನೆಗೆ ಗಂಟು ಹಾಕದಿದ್ದರೆ? ರಿಂಗಿನೊಳಗೆ ನಾಲ್ಕು ಹೆಜ್ಜೆಗೆ ದಾರ ಜಾರುತ್ತದೆ, ಚಡ್ಡಿ ಬಿಚ್ಚುತ್ತದೆ, ಆಟ ನಿಲ್ಲುತ್ತದೆ. ಜನರ ಮುಂದೆ ಹುಡುಗಿಯ ಮಾನ? ಹೋಗಲಿ, ಕಣ್ಣು ಉಳಿಯುತ್ತದೆ. ಅವಳು ಗಂಟು ಹಾಕದೆಯೇ ದಾರ ಕತ್ತರಿಸಿದಳು.

"ಯಾಕೆ ಆಂಟಿ, ಕಣ್ಣಲ್ಲಿ ನೀರು?"

ಬಾಯಿ ಬಿಟ್ಟದ್ದೇ ಎಲ್ಲವೂ ಹೊರಬಂತು: ಹುಬ್ಬು, ಡಾಕ್ಟರು, ಕಣ್ಣು. ಗಂಟಿನ ವಿಷಯವೊಂದನ್ನು ಬಿಟ್ಟು.

ಹುಡುಗಿ ಚಡ್ಡಿ ಹಾಕಿಕೊಂಡಳು. ಆಮೇಲೆ ತನ್ನ ಟವೆಲಿನ ಒಣ ತುದಿಯಿಂದ ಟೈಲರಮ್ಮನ ಕೆನ್ನೆ ಒರೆಸಿದಳು. "ಎಡಗಡೆ ಹೊಡೆಯಲ್ಲ ಆಂಟಿ. ಸತ್ಯವಾಗ್ಲೂ. ಆದ್ರೆ ನಮ್ಮ ಕೋಚಿಗೆ ಹೇಳ್ಬೇಡಿ, ನನ್ನ ಚರ್ಮ ಸುಲೀತಾರೆ."

ಹುಡುಗಿ ಬಾಗಿಲು ದಾಟುವಷ್ಟರಲ್ಲಿ ಟೈಲರಮ್ಮ ಕೂಗಿದಳು. "ನಿಲ್ಲೇ ಮಗಳೇ! ಗಂಟು ಹಾಕಿಲ್ಲ." ಮೊಣಕಾಲೂರಿ ಕೂತು, ಒಂದರ ಮೇಲೊಂದು ಗಂಟು ಬಿಗಿದಳು.

ಆಟ ಶುರುವಾಯಿತು. ಏಟುಗಳೆಲ್ಲ ಬಲಕ್ಕೆ, ಹೊಟ್ಟೆಗೆ ಬೀಳುತ್ತಿದ್ದವು. ಕಡ್ಡಿ ತತ್ತರಿಸಿದಳು, ಆದರೆ ಎಡಹುಬ್ಬಿನ ಬಳಿ ಬಂದ ಮುಷ್ಟಿ ಪ್ರತಿ ಸಲವೂ ಗಾಳಿಯಲ್ಲೇ ತಿರುಗಿ ಹೋಗುತ್ತಿತ್ತು. ಟೈಲರಮ್ಮನ ಉಸಿರು ಮರಳಿತು.

ಗಂಟೆ ಹೊಡೆದು ಮೂಲೆಗೆ ಬಂದ ಮಗಳು ಹಲ್ಲಿನ ಕವಚ ಉಗುಳಿ, ಹಗ್ಗದಾಚೆಯಿಂದ ತಾಯಿಯನ್ನು ದಿಟ್ಟಿಸಿದಳು. "ಅವಳು ಎಡಕ್ಕೆ ಹೊಡೀತಿಲ್ಲ. ನೀನು ಹೋಗಿ ಬೇಡಿಕೊಂಡ್ಯಾ?"

ತಾಯಿ ತಲೆ ತಗ್ಗಿಸಿದಳು.

"ಬೇರೆಯವರೆಲ್ಲ ಕಡ್ಡಿ ಅಂದ್ರು, ಸಹಿಸ್ಕೊಂಡೆ. ನೀನೂನಾ ಅಮ್ಮ?"

"ಬೇಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ."

ಮತ್ತೆ ಗಂಟೆ. ಕಡ್ಡಿ ನೇರ ನಡುವಿಗೆ ಹೋಗಿ ಎಡಗೈ ಕೆಳಗಿಳಿಸಿದಳು, ಹುಬ್ಬನ್ನು ಮುಂದೆ ಚಾಚಿದಳು. "ಹೊಡಿಯೇ!"

ದೊಡ್ಡ ಹುಡುಗಿ ತಡೆದು ನಿಂತು, ಹಗ್ಗದಾಚೆ ಟೈಲರಮ್ಮನತ್ತ ನೋಡಿದಳು. ಆ ಒಂದು ನೋಟದಲ್ಲಿ ಅವಳ ಮುಖ ಕೈ ಅಡ್ಡವಿಲ್ಲದೆ ಬಯಲಾಗಿತ್ತು. ಕಡ್ಡಿಯ ಬಲಗೈ ಅಲ್ಲಿಗೇ ಅಪ್ಪಳಿಸಿತು.

ನೋವಿಗೆ ದೊಡ್ಡ ಹುಡುಗಿಯ ಕೈ ತಾನಾಗಿಯೇ ಬೀಸಿತು. ಎಡಕ್ಕೆ.

ಟೈಲರಮ್ಮ ಹಗ್ಗದ ಕೆಳಗೆ ನುಸುಳುತ್ತಿದ್ದಳು. ಯಾರೋ ಅವಳ ಸೆರಗು ಹಿಡಿದೆಳೆದರು. ಮಗಳು ಹುಬ್ಬಿಗೆ ಗ್ಲೌಸು ಒತ್ತಿಕೊಂಡು ಕುಸಿದಿದ್ದಳು, ಕೆಂಪು ಇಳಿಯುತ್ತಿತ್ತು. ಪಕ್ಕದಲ್ಲಿ ಮಂಡಿಯೂರಿದ ಹುಡುಗಿ "ಆಂಟಿ, ಆಂಟಿ" ಎಂದು ಬಿಕ್ಕುತ್ತಿದ್ದಳು. ಅವಳ ಸೊಂಟದ ಹೊಲಿಗೆ ಒಂದೆಳೆಯೂ ಬಿಟ್ಟಿರಲಿಲ್ಲ.