ಸೂಲಗಿತ್ತಿಯ ಕಾರಿನ ಕೂಗು

ಸೂಲಗಿತ್ತಿ ಸರಿನಿಯ ಬಿಳಿ ಕಾರು ಮೇಲಿನ ತಿರುವಿನಲ್ಲಿ ಬ್ರೇಕು ಹಿಡಿದದ್ದು ನೆಂಗಾ ಲಾತ್ರನಿಗೆ ಗ್ಯಾರೇಜಿನಲ್ಲಿ ಕೂತಲ್ಲಿಗೇ ಕೇಳಿಸಿತು. ಮೊದಲು ಸಣ್ಣಗೆ ಒಂದು ಕೀರಲು, ಆಮೇಲೆ ಹಂದಿ ಒರಲಿದ ಹಾಗೆ ಉದ್ದಕ್ಕೆ ಒಂದು ಕೂಗು. ಮುಂದಿನ ತಿರುವಿನಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಅವನು ಸ್ಪ್ಯಾನರು ಕೆಳಗಿಟ್ಟು ರಸ್ತೆಗೆ ಬಂದು ನಿಂತ. ಹನ್ನೆರಡು ದಿನದ ಹಿಂದೆ ಆ ಕಾರಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿದವನು ಅವನೇ.

ಆಗುಂಗ್ ಬೆಟ್ಟದ ಆ ಮಗ್ಗುಲಲ್ಲಿ ಊರೆಲ್ಲ ಇಳಿಜಾರಿನ ಮೇಲೇ ಇತ್ತು. ಗಾಡಿ ಹತ್ತಿಸಲು ಯಾರೂ ಬೇಡ, ಇಳಿಸಲು ಮಾತ್ರ ಲಾತ್ರ ಬೇಕು ಎಂದು ಜನ ಹೇಳುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಅವನು ಗಳಿಸಿದ್ದು ಆ ಒಂದು ಮಾತು. ನಾಲ್ಕು ದಿನದಿಂದ ಅದು ಸವೆಯತೊಡಗಿತ್ತು. ಸರಿನಿ ಬರುತ್ತಿದ್ದಾಳೆಂದು ಈಗ ಹೊಟ್ಟೆಯೊಳಗಿನ ಕೂಸಿಗೂ ಮೊದಲೇ ತಿಳಿಯುತ್ತದೆ ಎಂದು ಎದುರಿನ ಕಾಫಿ ಅಂಗಡಿಯ ವುಲನ್ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಮರಳು ಸಾಗಿಸುವ ಲಾರಿಯೊಂದು ಆಗಲೇ ಅವನ ಬಾಗಿಲು ದಾಟಿ ಪೇಟೆಯ ಗ್ಯಾರೇಜಿಗೆ ಹೋಗಿತ್ತು.

ಸರಿನಿ ಕಾರಿನಿಂದ ಇಳಿದಳು. ಅಣ್ಣನನ್ನು ಕರೆಯುವ ಹಾಗೆ ಅವನನ್ನು ಬ್ಲಿ ಎಂದೇ ಅವಳು ಕರೆಯುವುದು.

"ಬ್ಲಿ, ನಾನು ಜಗಳಕ್ಕೆ ಬಂದಿಲ್ಲ. ಆದ್ರೆ ಬಸುರಿಯರು ಇದನ್ನ ಹತ್ತೋಕೆ ಹೆದರ್ತಿದಾರೆ. ನಾಳೆ ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ನಾನೂ ಪೇಟೆಗೆ ಒಯ್ತೀನಿ."

ಊರಿನ ಸೂಲಗಿತ್ತಿಯೇ ಹೋದರೆ ಉಳಿದವರು ನಿಲ್ಲುವುದಿಲ್ಲ ಎಂಬುದು ಅವಳು ಹೇಳದಿದ್ದರೂ ಅವನಿಗೆ ಗೊತ್ತಿತ್ತು. ಬೀಗದ ಕೈ ಇಸಿದುಕೊಂಡ.

ಮೊದಲು ಅವನು ಕಲ್ಲು ಹುಡುಕಿದ. ಬೆಟ್ಟದ ಕರಿ ಮರಳು ಚಕ್ರದೊಳಗಿನ ತಗಡಿಗೂ ಬ್ರೇಕಿನ ಬಿಲ್ಲೆಯಾದ ಡಿಸ್ಕಿಗೂ ನಡುವೆ ಸಿಕ್ಕಿಕೊಂಡು ಕಿರುಚುವುದು ಆ ಊರಿನಲ್ಲಿ ದಿನದ ಮಾತು. ಜಾಕು ಕೊಟ್ಟು ಚಕ್ರ ಬಿಚ್ಚಿ, ತಗಡಿನ ಸಂದಿಯನ್ನೆಲ್ಲ ತಂತಿಯಿಂದ ಕೆದಕಿದ. ಎರಡು ಕಾಳು ಮರಳು ಉದುರಿತು. ಓಡಿಸಿ ನೋಡಿದರೆ ಕೂಗು ಹಾಗೇ ಇತ್ತು. ಪ್ಯಾಡಿನ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ಮೊಂಡು ಮಾಡಿದ. ಅರ್ಧ ಮೈಲಿ ಸುಮ್ಮನಿದ್ದು ಮತ್ತೆ ಶುರುವಾಯಿತು. ಹಿಂದಿನ ಚಕ್ರಗಳನ್ನು ಬಿಚ್ಚಿದ. ಅವುಗಳ ಬ್ರೇಕು ಡಬ್ಬಿಯೊಳಗೆ ಮುಚ್ಚಿಕೊಂಡಿರುವಂಥದು. ಒಳಗೆ ಎಲ್ಲ ಒಣಗಿ ಚೆನ್ನಾಗಿತ್ತು.

ಹಾಗಾದರೆ ಕಾಯಿಲೆ ಮುಂದಿನವಕ್ಕೆ ಮಾತ್ರ, ಅದೂ ಎರಡಕ್ಕೂ ಒಂದೇ ಸಮ. ಸಾಮಾನು ಕೆಟ್ಟದ್ದಾದರೆ ಒಂದು ಹೆಚ್ಚು, ಒಂದು ಕಮ್ಮಿ ಕೆಡಬೇಕು. ಹೊರಗಿನಿಂದ ಕಣ್ಣಿಗೆ ಬೀಳುವ ಕಡೆ ಮಾತ್ರ ಕೆಟ್ಟಿದೆಯೆಂದರೆ, ನೋಡಿಯೇ ಯಾರೋ ಏನೋ ಮಾಡಿದ್ದಾರೆ. ಲಾತ್ರ ಪ್ಯಾಡನ್ನು ಬೆಳಕಿಗೆ ಹಿಡಿದ. ಬೂದು ಬಣ್ಣವಿರಬೇಕಾದಲ್ಲಿ ಕಪ್ಪಗೆ ಹೊಳೆಯುತ್ತಿತ್ತು. ಮೂಗಿಗೆ ಹಿಡಿದ. ಸುಟ್ಟ ಎಣ್ಣೆ, ಅದರ ಅಡಿಯಲ್ಲಿ ಗಂಧ.

ಆ ಊರಿನಲ್ಲಿ ಗಂಧದೆಣ್ಣೆ ಕಾಯಿಸುವ ಮನೆ ಒಂದೇ. ಅದು ಸರಿನಿಯ ಮಾವ ತಂಬುನನದು. ಊರಿನ ಹಳೆಯ ಕಠಾರಿಗಳೆಲ್ಲ ತೊಳೆಸಿಕೊಂಡು ಆ ಎಣ್ಣೆ ಹಚ್ಚಿಸಿಕೊಳ್ಳಲು ಅವನ ಕೈಗೇ ಬರುತ್ತಿದ್ದವು. ಕಳೆದ ಶನಿವಾರ ತುಂಪೆಕ್ ಲಾಂದೆಪ್, ಕಬ್ಬಿಣಕ್ಕೆ ಎಡೆಯಿಡುವ ಹಬ್ಬ. ಲಾತ್ರನೂ ತನ್ನ ಸ್ಪ್ಯಾನರುಗಳಿಗೆ ಹೂವಿಟ್ಟಿದ್ದ. ಸರಿನಿಯ ಕಾರಿನ ಮೂತಿಗೆ ಎಳೆ ತೆಂಗಿನ ಗರಿಯ ತೋರಣ ಕಟ್ಟಿದ್ದನ್ನು ನೋಡಿಯೂ ಇದ್ದ. ಕೂಗು ಶುರುವಾದದ್ದು ಮರುದಿನ ಬೆಳಗ್ಗೆ.

ಅವನು ಪ್ಯಾಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೇಲಿನ ಕೇರಿಗೆ ನಡೆದ. ಮುದುಕ ಜಗಲಿಯಲ್ಲಿ ಕೂತು ಬಿದಿರು ಸೀಳುತ್ತಿದ್ದ. ಊರಿಗೆಲ್ಲ ಅವನು ಪೆಕಾಕ್, ಅಂದರೆ ಅಜ್ಜ.

"ಪೆಕಾಕ್, ಇದನ್ನ ಒಂಚೂರು ಮೂಸಿ ನೋಡಿ."

ಮುದುಕ ಮೂಸಿದ. "ನಮ್ಮನೇದೇ," ಎಂದ, ಅನುಮಾನವಿಲ್ಲದೆ. "ಕಾರು ತೊಳೆದು ಎರಡು ದಿನ ಬಿಟ್ಟಿದ್ರು. ಚಕ್ರದ ಸಂದಿಯಿಂದ ನೋಡ್ತೀನಿ, ಬಿಲ್ಲೆ ತುಂಬ ಕೆಂಪು ತುಕ್ಕು. ಹಬ್ಬದ ದಿನ ಸೊಸೆ ಗಾಡಿಯ ಕಬ್ಬಿಣ ಹಾಗಿದ್ರೆ ನಾನಿದ್ದೇನು ಬಂತು? ನಿಂಬೆಹುಳಿ ಹಾಕಿ ಉಜ್ಜಿ, ಕಡ್ಡಿಗೆ ಹತ್ತಿ ಸುತ್ತಿ ಎಣ್ಣೆ ಸವರಿದೆ. ನಿನ್ನ ಕಣ್ಣಿಗೆ ಆ ತುಕ್ಕು ಬೀಳಲೇ ಇಲ್ವಲ್ಲಪ್ಪ."

"ಆ ತುಕ್ಕು ಮೇಲ್ಮೇಲಿಂದು. ಒಂದು ತಿರುವು ಇಳಿದ್ರೆ ತಾನೇ ಹೋಗುತ್ತೆ. ಕಠಾರಿ ಒರೆಯಿಂದ ಜಾರಬೇಕು ಪೆಕಾಕ್, ಅದಕ್ಕೆ ಎಣ್ಣೆ ಬೇಕು. ಇದು ಹಿಡೀಬೇಕಾದ ಕಬ್ಬಿಣ. ಇದಕ್ಕೆ ಎಣ್ಣೆ ತಾಗಬಾರದು."

ಮುದುಕನ ಕತ್ತಿ ನಿಂತಿತು. ಕೇಳಿದ:

"ಕಾರು ನಿಲ್ತಿತ್ತಾ?"

"ನಿಲ್ತಿತ್ತು. ನಿಲ್ಲಬೇಕಾದ ಜಾಗಕ್ಕಿಂತ ಒಂಚೂರು ಮುಂದೆ."

ಈ ನಾಲ್ಕು ದಿನದಲ್ಲಿ ಆ ಕಾರಿನಲ್ಲಿ ಇಳಿದುಹೋದ ಹೆಂಗಸರು ಯಾರ್‍ಯಾರೆಂದು ಮುದುಕ ಎಣಿಸುತ್ತಿದ್ದಾನೆಂದು ಲಾತ್ರನಿಗೆ ಅನ್ನಿಸಿತು. ಸರಿನಿಗೆ ಹೇಳಿದೆಯಾ ಎಂದು ಮುದುಕ ಕೇಳಿದ್ದಕ್ಕೆ ಲಾತ್ರ ಇಲ್ಲವೆಂದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಯೇ ಅವನು ಬಂದಿದ್ದ. ಮುದುಕ ಎಂಬತ್ತು ದಾಟಿದವನು. ಅವನ ಕೈ ಮುಟ್ಟದ ಕಠಾರಿ ಆ ಸುತ್ತಿನಲ್ಲಿ ಇರಲಿಲ್ಲ.

"ಪ್ಯಾಡು ಸರಿ ಇರಲಿಲ್ಲ ಅಂತೀನಿ. ಇನ್ನೊಂದು ಸಲ ನೀವು ಹಚ್ಚದಿದ್ರೆ ಸಾಕು."

"ಹಾಗಂದ್ರೆ ನೀನು ಕೆಟ್ಟದ್ದು ಹಾಕಿದೆ ಅಂತಾಯ್ತು."

ಲಾತ್ರ ಪ್ಯಾಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡ. ಮುದುಕ ಬಿದಿರು ಎತ್ತಿಕೊಂಡ. ಅವನಿಗೆ ಬೇಜಾರಾಯಿತೇನೋ ಎಂದುಕೊಳ್ಳುತ್ತ ಲಾತ್ರ ಇಳಿದು ಬಂದ. ಎಣ್ಣೆ ಕುಡಿದ ಪ್ಯಾಡು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಅಂದೇ ಮೋಟರ್ ಸೈಕಲ್ಲಿನಲ್ಲಿ ಪೇಟೆಗೆ ಹೋಗಿ ಬೇರೆ ಜೊತೆ ತಂದ. ಡಿಸ್ಕುಗಳನ್ನು ಸೋಪುಪುಡಿಯ ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಉಪ್ಪುಕಾಗದ ಹಿಡಿದು, ಮತ್ತೆ ತೊಳೆದು ಒಣಗಿಸಿದ.

ಮರುದಿನ ಮಧ್ಯಾಹ್ನ ಸರಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಳಗಿನ ಸೇತುವೆಯವರೆಗೆ ಹೋಗಿ ಬಂದ. ಏಳು ತಿರುವಿನಲ್ಲೂ ಟೈರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಏನಾಗಿತ್ತು ಬ್ಲಿ ಎಂದು ಅವಳು ಕೇಳಿದಳು. ಹೇಳಬೇಕೆಂದುಕೊಂಡ ಮಾತು ಬಾಯಿಗೆ ಬರುವಷ್ಟರಲ್ಲಿ ಗ್ಯಾರೇಜು ಬಂತು.

ಎದುರಿನ ಕಾಫಿ ಅಂಗಡಿಯ ಬೆಂಚಿನ ಮೇಲೆ ತಂಬುನ್ ಕೂತಿದ್ದ. ಮನೆ ಬಿಟ್ಟು ಅಷ್ಟು ಕೆಳಗೆ ಅವನು ಇಳಿದು ಬಂದು ವರ್ಷವಾಗಿತ್ತು. ಗುಡಿಗೆ ಹೋಗುವವರ ಹಾಗೆ ತಲೆಗೆ ಬಿಳಿ ಪಟ್ಟಿ ಕಟ್ಟಿಕೊಂಡಿದ್ದ. ಸುತ್ತ ಕಾಫಿ ಹಿಡಿದವರು ಐದಾರು ಮಂದಿ.

"ಬಾಮ್ಮ," ಎಂದ ಸೊಸೆಗೆ. "ಇವರಿಗೆ ಅದನ್ನೇ ಹೇಳ್ತಿದ್ದೆ. ಬ್ರೇಕಿಗೆ ಎಣ್ಣೆ ಹಚ್ಚಿದವನು ನಾನು. ಲಾತ್ರ ಹಾಕಿದ್ದು ಒಳ್ಳೇದೇ ಇತ್ತು, ಕೆಡಿಸಿದ್ದು ನನ್ನ ಕೈ."

ಸರಿನಿ ಮಾವನನ್ನೂ ಲಾತ್ರನನ್ನೂ ಒಂದೊಂದು ಸಲ ನೋಡಿ, ಮುದುಕನ ಪಕ್ಕ ಕೂತಳು. ಮೊದಲು ನಕ್ಕವಳು ವುಲನ್.

"ಪೆಕಾಕ್, ನನ್ನ ಸ್ಕೂಟರಿಗೂ ಹಚ್ಚಿದೀರೇನು ಮತ್ತೆ? ಅದೂ ಇಳಿಯುವಾಗ ಗೊರಗೊರ ಅಂತದೆ."

"ನಿನ್ನದನ್ನೂ ನೋಡ್ದೆ. ಅದರ ತುಕ್ಕು ತೆಗೆಯೋಕೆ ನನ್ನ ಆಯಸ್ಸು ಸಾಲಲ್ಲ ಅಂತ ಬಿಟ್ಟೆ."

ನಗು ಅಂಗಡಿ ತುಂಬಿತು. ವುಲನ್ ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡು ಒಳಗೆ ಹೋಗಿ, ಸ್ಕೂಟರಿನ ಬೀಗದ ಕೈ ತಂದು ಲಾತ್ರನ ಮುಂದೆ ಹಿಡಿದಳು. ಬಿಡುವಾದಾಗ ನೋಡಿದರೆ ಸಾಕು ಎಂದಳು. ಈಗಲೇ ಬಿಡುವು ಎಂದು ಲಾತ್ರ ಸ್ಕೂಟರನ್ನು ರಸ್ತೆಯಾಚೆ ತಳ್ಳಿಕೊಂಡು ಹೊರಟ.